ಕೌದಿಯ ಇನ್ನೊಂದು ತುದಿ

"ಕೌದಿ ನೆಲಕ್ಕ ತಾಗಬಾರದು, ಹಗ್ಗದ ಗೆರಿ ಬೀಳಬಾರದು. ಸಂಜಿಯೊಳಗ ಒಣಗದಿದ್ರ ನಾಳೆ ಕೆಲಸಕ್ಕ ಬರಬ್ಯಾಡ," ಅಂದರು ದೇಸಾಯರು.

ಹನ್ನೆರಡು ವರ್ಷದಿಂದ ಅವರ ಮನೆಯ, ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಕೌದಿಗಳನ್ನು ಒಬ್ಬಳೇ ಒಗೆಯುತ್ತಿದ್ದ ದ್ಯಾಮವ್ವ ತಲೆಯಾಡಿಸಿದಳು. "ಆತ್ರೀ ಧಣ್ಯಾರ. ಹಂಗಾದ್ರ ಕೈಯಾಗ ಹಿಡದ ಒಣಗಸಬೇಕು. ಒಂದು ತುದಿ ನಾ ಹಿಡೀತೀನಿ. ಇನ್ನೊಂದಕ್ಕ ನಿಮ್ಮಷ್ಟು ಜ್ವಾಕಿ ಇದ್ದವರು ಈ ಊರಾಗ ಯಾರ ಅದಾರ್ರೀ?"

ದೇಸಾಯರು ಉಬ್ಬಿಹೋಗಿ ತುದಿ ಹಿಡಿದರು. ನೀರು ಕುಡಿದ ಕೌದಿ ಎಮ್ಮೆಯಂತೆ ಜಗ್ಗಿತು. ದೇಸಾಯರ ಧೋತರ ತೊಯ್ದಿತು, ತೋಳು ಸೋತವು.

"ಹಗ್ಗಕ್ಕ ಹಾಕಬೇ!"

"ಗೆರಿ ಬೀಳತೈತ್ರೀ."

"ನಾ ಬೀಳೂದಕ್ಕಿಂತ ಗೆರಿ ಬೀಳೂದು ಚಲೋ!"

ಇಬ್ಬರೂ ಸೇರಿ ಹಗ್ಗಕ್ಕೆ ಹಾಕಿದರು. "ಇಷ್ಟು ವರ್ಷ ಇದನ್ನ ಒಬ್ಬಾಕಿನ ಎತ್ತಿದ್ಯಾ?" ಅಂದರು ದೇಸಾಯರು. ಹಾಗೆ ಯಾರೂ ಕೇಳಿರಲಿಲ್ಲ. ದ್ಯಾಮವ್ವನ ಕಣ್ಣು ತುಂಬಿ ಬಂತು.

ಮುಂದಿನ ಸಲ ಒಗೆಯುವ ಸಪ್ಪಳ ಕೇಳಿದ್ದೇ ತಡ, ದೇಸಾಯರು ಧೋತರ ಎತ್ತಿ ಕಟ್ಟಿಕೊಂಡು ಬಾವಿಕಟ್ಟೆಗೆ ಬಂದರು.

"ದ್ಯಾಮವ್ವಾ, ನನ್ನ ತುದಿ ಎಲ್ಲೈತಿ?"