ಚಕ್ಕೋತದ ಚುಕ್ಕೆ

ನರ್ಸರಿಯ ಡೇಲಿಯಾ ಒಂದರ ಎಸಳುಗಳಲ್ಲಿ ಬಿಳಿ ಗೆರೆ ಮೂಡಿತ್ತು. ಗಿರಾಕಿಗಳು ಅದಕ್ಕೇ ಮರುಳಾಗಿದ್ದರು. ವೈರಸ್ ಇರಬಹುದೆಂದು ತೋಟಗಾರ ಅದರ ಎಲೆಯ ರಸವನ್ನು ಪಕ್ಕದ ಚಕ್ಕೋತ ಸೊಪ್ಪಿನ ಎಲೆಗೆ ಉಜ್ಜಿ ಪರೀಕ್ಷೆಗಿಟ್ಟ; ರಸದಲ್ಲಿ ವೈರಸ್ ಇದ್ದರೆ ಚಕ್ಕೋತದ ಎಲೆಯಲ್ಲಿ ಚುಕ್ಕೆ ಏಳುತ್ತದೆ. ವಾರದೊಳಗೆ ಚಕ್ಕೋತದ ಮೈಮೇಲೆ ಚುಕ್ಕೆಗಳೆದ್ದವು.

"ಛೀ, ರೋಗದ ಗಿಡವೇ!" ಎಂದಿತು ಡೇಲಿಯಾ.

"ಚುಕ್ಕೆ ನನ್ನದು, ರೋಗ ನಿನ್ನದು ತಾಯಿ," ಎಂದಿತು ಚಕ್ಕೋತ. "ನಿನ್ನನ್ನು ಕತ್ತರಿಸಿದ ಚಾಕು ಮುಟ್ಟಿದರೆ ಇವರೆಲ್ಲರೂ ಕೆಟ್ಟರು."

ಉಳಿದ ಡೇಲಿಯಾಗಳು ನಕ್ಕವು. "ಮೊದಲು ನಿನ್ನ ಮುಖ ನೋಡಿಕೊಳ್ಳೇ!"

ತೋಟಗಾರ ಬಂದು ನೋಡುವ ಮೊದಲೇ ನರ್ಸರಿಯ ಯಜಮಾನರು ರೋಗದ ಗಿಡವೆಂದು ಚಕ್ಕೋತವನ್ನು ಕಿತ್ತೆಸೆದರು. ಗೆರೆಯ ಡೇಲಿಯಾದ ಕಡ್ಡಿ ಕತ್ತರಿಸಿ, ಅದೇ ಚಾಕುವಿನಿಂದ ಉಳಿದವುಗಳನ್ನೂ ಕತ್ತರಿಸಿ ನೆಟ್ಟರು.

ಮುಂದಿನ ಸಲ ಹೂ ಬಿಟ್ಟಾಗ ಎಲ್ಲ ಡೇಲಿಯಾಗಳ ಎಸಳುಗಳಲ್ಲೂ ಗೆರೆ ಬಂತು. ಚುಕ್ಕೆ ಯಾರಿಗೂ ಇರಲಿಲ್ಲವಾದ್ದರಿಂದ ಎಲ್ಲರೂ ಆರೋಗ್ಯವಾಗಿದ್ದಾರೆಂದೇ ತೀರ್ಮಾನವಾಯಿತು.