ಗುಮಾನಿಗುಂಡಿನ ಮೂರು ಗೆರೆಗಳು

ಹಾಸುಗಲ್ಲಹಟ್ಟಿಯಲ್ಲಿ ಬಸ್ಸಿಳಿದು, ಟೀ ಅಂಗಡಿಯ ಹಿಂದಿನ ಕಾಲುದಾರಿ ಹಿಡಿದರೆ ಕಾಲು ಗಂಟೆಗೆ ಗುಮಾನಿಗುಂಡು. ಗುಂಡು ಎಂದರೆ ದುಂಡಗಿದೆ ಎಂದುಕೊಳ್ಳಬೇಡಿ; ಕಣದಷ್ಟು ಅಗಲದ ಹಾಸುಬಂಡೆ, ಅದರ ಮೇಲೆ ನೆಟ್ಟ ಒಂದು ಮೊನಚು ಕಲ್ಲು, ಪಕ್ಕದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಬಿಲ್ಲುಗಳಂಥ ಎರಡು ಗೆರೆ, ಅವುಗಳ ನಡುವೆ ಇನ್ನೊಂದು.

ಹಿಂದೆ ಒಮ್ಮೆ, ಪಾಳೇಗಾರರ ಕಾಲದಲ್ಲಿ, ಇಲ್ಲಿ ಬೊಮ್ಮಣ್ಣನೆಂಬ ಕಾವಲುಗಾರನಿದ್ದನಂತೆ. ಹೆಂಡತಿ ಬಡಿಸಿದ ಮುದ್ದೆಯನ್ನೂ ಮುರಿದು ನೋಡಿಯೇ ಉಣ್ಣುವ ಆಸಾಮಿ. ಕಲ್ಲುಕುಟಿಗರ ಗಿರಿಯವ್ವ ಬಂಡೆಯ ಮೇಲೆ ಎರಡು ಬಿಲ್ಲುಗೆರೆ ಕೊರೆದದ್ದು ಕಂಡದ್ದೇ ತಡ, ಅವನಿಗೆ ಹೊರಕೋಟೆ, ಒಳಕೋಟೆ, ನಡುವಿನ ಕಂದಕ ಎಲ್ಲವೂ ಕಂಡುಬಿಟ್ಟವು.

“ಯಾರಿಗವ್ವಾ ಈ ನಕ್ಷೆ?”

“ಯಾರಿಗೂ ಅಲ್ಲಣ್ಣಾ. ಇದು ಕಲ್ಲಿನ ತುದಿಯ ನೆರಳು ಬೇಸಿಗೆಯಲ್ಲಿ ನಡೆದ ದಾರಿ, ಅದು ಚಳಿಗಾಲದ್ದು. ದಿನಾ ಒಂದು ಕೂದಲೆಳೆ ಬಾಗು ಕಮ್ಮಿಯಾಗ್ತದೆ. ಲೆಕ್ಕ ಹಾಕಿದೀನಿ, ನಾಡಿದ್ದು ನೆರಳು ನೆಟ್ಟಗೆ ನಡೀತದೆ.”

“ನೀನು ಕಂಡಿದ್ದೀಯಾ?”

“ಇಲ್ಲ. ಹೋದ ಸಲ ಮೋಡ ಮುಚ್ಚಿತ್ತು.”

“ಇದರಿಂದ ನಿನಗೇನು ಲಾಭ?”

“ಚೆಂದ ಅಲ್ವೇನಣ್ಣಾ?”

ಚೆಂದಕ್ಕಾಗಿ ಯಾರಾದರೂ ಕಲ್ಲು ಕಡಿಯುತ್ತಾರೆಯೇ? ಬೊಮ್ಮಣ್ಣನ ಗುಮಾನಿ ದುಪ್ಪಟ್ಟಾಯಿತು. ದೂರು ಕೇಳಿದ ಪಾಳೇಗಾರ, ನೆರಳು ಬಾಗಿದರೆ ಅವಳ ಬಲಗೈ ಕಡಿಸುವುದಾಗಿ ಹೇಳಿದ.

ಆ ದಿನ ಬೊಮ್ಮಣ್ಣ ಗಿರಿಯವ್ವನನ್ನು ಐವತ್ತು ಹೆಜ್ಜೆ ದೂರ ಕೂರಿಸಿದ. ನೆರಳಿನ ನೇರ ನೋಡಲು ಅವಳು ತಂದಿದ್ದ ದಾರದಲ್ಲಿ ಮಾಟವಿದ್ದೀತೆಂದು, ಅವಳು ತೋರಿದ ಜಾಗದಲ್ಲಿ ತನ್ನದೇ ದಾರ ಬಿಗಿದು ಕಟ್ಟಿದ. ಅವಳ ಉಳಿಯನ್ನೂ ಕಿತ್ತುಕೊಂಡು, ನೆರಳ ತುದಿ ಮುಟ್ಟಿದಲ್ಲೆಲ್ಲ ತಾನೇ ಒಂದೊಂದು ಏಟು ಹಾಕುತ್ತ ಬಂದ. ಬೆಳಿಗ್ಗೆ ನೆರಳ ತುದಿ ದಾರದ ಮೇಲಿತ್ತು. ನಡುಹಗಲಲ್ಲೂ ದಾರದ ಮೇಲೆಯೇ. ಇಳಿಹೊತ್ತಿಗೆ, ಗೌರವದಿಂದ ಹಿಂದೆ ಸರಿಯುವ ಹೆಂಗಸಿನ ಸೆರಗಿನಂತೆ, ದಾರ ಬಿಡದೆಯೇ ಉದ್ದವಾಗುತ್ತ ಹೋಯಿತು. ಬೊಮ್ಮಣ್ಣ ಉಳಿ ಕೆಳಗಿಟ್ಟು ಗಿರಿಯವ್ವನ ಬಳಿಗೆ ನಡೆದ.

“ನಿಜ ಹೇಳವ್ವಾ,” ಎಂದನಂತೆ, “ಸೂರ್ಯನಿಗೆ ಮೊದಲೇ ಹೇಳಿಟ್ಟಿದ್ದೆಯಾ?”

ಪಾಳೇಗಾರನ ಮುಂದೆ ಮಾತ್ರ, “ನಕ್ಷೆಯಲ್ಲ ಬುದ್ಧೀ, ಕೈ ಉಳಿಸಬೇಕು. ಆದರೂ ವರ್ಷವರ್ಷವೂ ನಾನೇ ಕೂತು ಪರೀಕ್ಷಿಸುತ್ತೇನೆ” ಎಂದ. ಸಾಯುವವರೆಗೂ ಒಂದು ವರ್ಷ ತಪ್ಪಿಸಲಿಲ್ಲವಂತೆ. ಹೆಸರು ನಿಂತದ್ದು ಹಾಗೆ.

ಇಂದಿಗೂ ಹೋದವರು ಆ ಎರಡು ಬಿಲ್ಲುಗಳ ನುಣುಪಿಗೆ ಬೆರಗಾಗಿ, ನಡುವಿನ ಗೆರೆಯ ಒರಟು ಏಟುಗಳನ್ನು ಕಂಡು ನಗುತ್ತಾರೆ. ಹಗಲಿರುಳು ಸಮವಾಗುವ ದಿನ ಹೋದವರು ನಗುವುದಿಲ್ಲ. ಆ ಒರಟು ಏಟುಗಳ ಮೇಲೆಯೇ ಒಂದೊಂದಾಗಿ ಕಾಲಿಡುತ್ತ ನೆರಳು ನೆಟ್ಟಗೆ ನಡೆದುಹೋಗುತ್ತದೆ.