ಕೋಚ್ ಜಾಕೆಟ್

ಕೋಲ್ಕತ್ತ, ಗೋವಾ, ಕಣ್ಣೂರು, ಹೋದಲ್ಲೆಲ್ಲ ಗೋಲು ಬಿಟ್ಟವರು ಯಾರೋ, ಬೈಸಿಕೊಂಡು ಊರು ಬಿಟ್ಟವನು ಫುಟ್‌ಬಾಲ್ ಕೋಚ್ ಆರೋಗ್ಯಸ್ವಾಮಿ. ಕೊನೆಗೆ ಕೆಜಿಎಫ್‌ಗೆ ಬಂದ. ಅಲ್ಲಿ ಫೈನಲ್ ದಿನವೇ ಕ್ಲಬ್ಬಿನ ಅಧ್ಯಕ್ಷ ಮುನಿನಂಜಪ್ಪ ಮೂಗು ತೂರಿಸಿದರು.

"ಇವತ್ತು ನನ್ನ ಅಳಿಯನೇ ಗೋಲ್‌ಕೀಪರ್. ಇಲ್ಲಿ ನಾನು ಹೇಳಿದ್ದೇ ಆಟ."

ಕೋಚ್‌ಗೆ ಮೈಯೆಲ್ಲ ಉರಿದುಹೋಯಿತು. ಆದರೂ ಬೆನ್ನ ಮೇಲೆ 'ಕೋಚ್' ಎಂದು ದಪ್ಪಗೆ ಬರೆದಿದ್ದ ತನ್ನ ಜಾಕೆಟ್ ಬಿಚ್ಚಿ ಅವರಿಗೆ ತೊಡಿಸಿದ.

"ಹಾಗಾದ್ರೆ ಇದೂ ನಿಮ್ಮದೇ ಸಾರ್."

ಅಧ್ಯಕ್ಷರು ಬೀಗುತ್ತಾ ಕೋಚ್ ಕುರ್ಚಿಯಲ್ಲಿ ಕೂತರು.

ಅಳಿಯ ನಾಲ್ಕು ಗೋಲು ಬಿಟ್ಟ. ರೊಚ್ಚಿಗೆದ್ದ ಜನ "ಕೋಚನ್ನ ಓಡಿಸ್ರೋ" ಎನ್ನುತ್ತಾ ಆ ಜಾಕೆಟ್ಟಿನ ಕಡೆ ನುಗ್ಗಿದರು. ಮುಖ ನೋಡುವ ವ್ಯವಧಾನ ಯಾರಿಗಿತ್ತು?

"ನಾನಲ್ರಪ್ಪಾ, ಕೋಚ್ ಎಲ್ಲಿ?" ಅಧ್ಯಕ್ಷರು ಸುತ್ತಮುತ್ತ ಹುಡುಕಿದರು.

ಅವನು ಗ್ಯಾಲರಿಯಲ್ಲಿದ್ದ. ಊರೂರಲ್ಲಿ ಕೇಳಿಸಿಕೊಂಡಿದ್ದ ಅದೇ ಕೂಗನ್ನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ.